ಐಸಿಯು ಡಯಾಲಿಸಿಸ್‌ನಲ್ಲಿ ನೀರಿನ ಲೆಕ್ಕ: ಎಷ್ಟು ತೆಗೆಯಬೇಕು, ಎಷ್ಟು ನಿಧಾನವಾಗಿ, ಎಲ್ಲಿ ನಿಲ್ಲಿಸಬೇಕು

"ಸರ್, ಎಷ್ಟ್ ತೆಗೀಲಿ?"

"ಎರಡ್ ಲೀಟರ್ ತೆಗೀರಿ."

ಐಸಿಯುನಲ್ಲಿ ಡಯಾಲಿಸಿಸ್ ಶುರುವಾಗುವ ಮುಂಚೆ ನಡೆಯುವ ಮಾತು ಬಹಳ ಸಲ ಇಷ್ಟೇ. ಟೆಕ್ನಿಷಿಯನ್ ಯುಎಫ್ ಗೋಲ್ (ಯಂತ್ರ ತೆಗೆಯಬೇಕಾದ ನೀರಿನ ಗುರಿ) 2000 ಎಂಎಲ್ ಎಂದು ಒತ್ತಿ, ನಾಲ್ಕು ತಾಸು ಹಾಕಿ, ಪಂಪು ಬಿಡುತ್ತಾರೆ. ಆ ಎರಡು ಲೀಟರ್ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ವಾರಕ್ಕೆ ಎರಡು-ಮೂರು ಸಲ ತಾವೇ ನಡೆದು ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುವವರ ಮಟ್ಟಿಗೆ ಇದು ಹೇಗೋ ನಡೆಯುತ್ತದೆ. ಅವರ ಒಣ ತೂಕ (ಹೆಚ್ಚುವರಿ ನೀರಿಲ್ಲದಾಗಿನ ತೂಕ) ಗೊತ್ತಿರುತ್ತದೆ, ಇವತ್ತಿನ ತೂಕ ಗೊತ್ತಿರುತ್ತದೆ, ಕಳೆದರೆ ಉತ್ತರ ಸಿಗುತ್ತದೆ. ವೆಂಟಿಲೇಟರ್ ಮೇಲಿರುವ, ಬಿಪಿ ನಿಲ್ಲಿಸಲು ನಾರ್‌ಅಡ್ರೆನಲಿನ್ ಹೋಗುತ್ತಿರುವ, ಮೈಯೆಲ್ಲ ಬಾತಿರುವ ರೋಗಿಗೆ ಈ ಪದ್ಧತಿ ಹೊಂದುವುದಿಲ್ಲ. ಅಂಥವರಿಗೆ ಪ್ರತಿ ಸಲವೂ ಹೊಸದಾಗಿ ಲೆಕ್ಕ ಮಾಡಬೇಕು.

ಕಲಬುರಗಿ, ಬೀದರ್, ಯಾದಗಿರಿ ಭಾಗದ ಐಸಿಯು ಸಿಸ್ಟರ್‌ಗಳು, ಡಯಾಲಿಸಿಸ್ ಟೆಕ್ನಿಷಿಯನ್‌ಗಳು ಮತ್ತು ಹೊಸದಾಗಿ ಡ್ಯೂಟಿಗೆ ಸೇರಿದ ಡಾಕ್ಟರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ರೋಗಿಯ ಮನೆಯವರಿಗೂ ಒಂದು ಭಾಗ ಇದೆ. ಯಾವ ರೋಗಿಗೆ ಎಷ್ಟು ಎಂಬ ಕೊನೆಯ ತೀರ್ಮಾನ ಹಾಸಿಗೆ ಪಕ್ಕದಲ್ಲಿ ನಿಂತ ವೈದ್ಯರದ್ದು ಮತ್ತು ನೆಫ್ರಾಲಜಿಸ್ಟ್‌ರದ್ದು. ಆ ತೀರ್ಮಾನಕ್ಕೆ ಬೇಕಾದ ಅಂಕಿಗಳನ್ನು ಹೇಗೆ ಕಟ್ಟಿಕೊಡಬೇಕು, ಆಮೇಲೆ ಏನೇನು ನೋಡುತ್ತಿರಬೇಕು ಎಂಬುದು ಇಲ್ಲಿದೆ.

ಹಂತ 1: ಇವತ್ತು ನೀರು ತೆಗೆಯುವ ದಿನ ಹೌದೋ ಅಲ್ಲವೋ

ಡಯಾಲಿಸಿಸ್ ಅಂದರೆ ನೀರು ತೆಗೆಯುವುದು ಎಂದೇ ಎಷ್ಟೋ ಜನ ತಿಳಿದಿದ್ದಾರೆ. ಪೊಟ್ಯಾಶಿಯಂ, ಯೂರಿಯಾ, ಆಮ್ಲ ಇಳಿಸುವುದು ಒಂದು ಕೆಲಸ, ನೀರು ಎಳೆಯುವುದು ಇನ್ನೊಂದು. ಯುಎಫ್ ಸೊನ್ನೆ ಇಟ್ಟುಕೊಂಡೇ ಪೂರ್ತಿ ಡಯಾಲಿಸಿಸ್ ಮಾಡಬಹುದು, ಮಾಡಬೇಕಾದ ದಿನಗಳೂ ಇವೆ.

ನಮ್ಮ ಭಾಗದಲ್ಲಿ ಹಠಾತ್ತಾಗಿ ಕಿಡ್ನಿ ನಿಂತು ಐಸಿಯುಗೆ ಬರುವವರು ಯಾರು ನೋಡಿ. ತೊಗರಿ ಹೊಲದಲ್ಲಿ ಹಾವು ಕಚ್ಚಿಸಿಕೊಂಡವರು, ವಾಂತಿ-ಭೇದಿಯಾಗಿ ಎರಡು ದಿನ ಮನೆಯಲ್ಲೇ ಇದ್ದವರು, ಏಪ್ರಿಲ್-ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲಿಗೆ ಕುಸಿದವರು, ಹೆರಿಗೆಯಲ್ಲಿ ರಕ್ತ ಹೋದವರು, ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿನಿಂದ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ) ಆದವರು. ಇವರಲ್ಲಿ ಹೆಚ್ಚಿನವರಿಗೆ ಮೊದಲು ಬೇಕಾಗುವುದು ನೀರೇ. ಸೆಪ್ಸಿಸ್‌ನಿಂದ ಬಿಪಿ ಬಿದ್ದವರಿಗೆ ಮೊದಲ 3 ತಾಸಿನಲ್ಲಿ ಕಿಲೋಗೆ ಕನಿಷ್ಠ 30 ಎಂಎಲ್ ಸಲಾಯಿನ್ ಕೊಡಿ ಎಂದು 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ ಸೂಚಿಸುತ್ತದೆ. 60 ಕಿಲೋ ಮನುಷ್ಯನಿಗೆ ಅದು 1800 ಎಂಎಲ್. ಆ ಹೊತ್ತಿನಲ್ಲಿ ಪೊಟ್ಯಾಶಿಯಂ ಏರಿ ಡಯಾಲಿಸಿಸ್ ಮಾಡಬೇಕಾಗಿ ಬಂದರೆ ಮಾಡಿ, ಆದರೆ ಯುಎಫ್ ಸೊನ್ನೆ ಇಡಿ. ಒಂದು ಕೈಯಿಂದ ಬಾಟ್ಲಿ ಹಚ್ಚಿ ಇನ್ನೊಂದು ಕೈಯಿಂದ ಎಳೆಯುವುದರಲ್ಲಿ ಅರ್ಥವಿಲ್ಲ.

ಎರಡನೆಯ, ಮೂರನೆಯ ದಿನದ ಹೊತ್ತಿಗೆ ಸ್ಥಿತಿ ಬದಲಾಗುತ್ತದೆ. ಕೊಟ್ಟ ನೀರು ರಕ್ತನಾಳದಿಂದ ಸೋರಿ ಚರ್ಮದಡಿ, ಶ್ವಾಸಕೋಶ, ಕರುಳಿನ ಗೋಡೆಯಲ್ಲಿ ನಿಲ್ಲುತ್ತದೆ. ಆಮ್ಲಜನಕ ಹೆಚ್ಚು ಬೇಕಾಗುತ್ತದೆ, ಫೀಡ್ ಅರಗುವುದಿಲ್ಲ, ವೆಂಟಿಲೇಟರ್ ಬಿಡಿಸಲು ಆಗುವುದಿಲ್ಲ. ಶ್ವಾಸಕೋಶದ ತೀವ್ರ ಹಾನಿ ಇದ್ದ ಸಾವಿರ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ನೀರು ಬಿಗಿ ಹಿಡಿದವರಲ್ಲಿ ಸಾವಿನ ಪ್ರಮಾಣ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ, ಆದರೆ ವೆಂಟಿಲೇಟರ್ ಇಲ್ಲದೆ ಕಳೆದ ದಿನಗಳು ಹೆಚ್ಚಿದವು. ತೆಗೆಯುವ ಕಾಲ ಬಂತು ಎಂದು ಗುರುತಿಸಲು ನಾನು ಮೂರು ವಿಷಯ ಕೇಳುತ್ತೇನೆ: ಕಳೆದ 6 ರಿಂದ 12 ತಾಸಿನಲ್ಲಿ ನಾರ್‌ಅಡ್ರೆನಲಿನ್ ಏರಿದೆಯೋ, ನಿಂತಿದೆಯೋ, ಇಳಿದಿದೆಯೋ? ಲ್ಯಾಕ್ಟೇಟ್ (ಅಂಗಾಂಗಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ಅಂಶ) ಇಳಿಯುತ್ತಿದೆಯೋ? ಬೆರಳಿಗೆ ರಕ್ತ ಎಷ್ಟು ಬೇಗ ಮರಳುತ್ತದೆ?

ಮೂರನೆಯದಕ್ಕೆ ಯಾವ ಯಂತ್ರವೂ ಬೇಡ, ಆದರೂ ಅದನ್ನೇ ಹೆಚ್ಚು ಮಂದಿ ಬಿಡುತ್ತಾರೆ. ರೋಗಿಯ ತೋರುಬೆರಳಿನ ತುದಿಯನ್ನು ಬಿಳಿಚುವಷ್ಟು ಗಟ್ಟಿಯಾಗಿ 10 ಸೆಕೆಂಡ್ ಒತ್ತಿ ಹಿಡಿದು ಬಿಡಿ. ಬಣ್ಣ 3 ಸೆಕೆಂಡಿನೊಳಗೆ ಮರಳಬೇಕು. ಅದಕ್ಕಿಂತ ತಡವಾದರೆ ಅಂಗಾಂಗಗಳಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. ಬಲ್ಬಿನ ಬೆಳಕು ಹಳದಿಯಾಗಿದ್ದರೆ ಮೊಬೈಲ್ ಟಾರ್ಚ್ ಹಿಡಿಯಿರಿ. ಕೈ ತಣ್ಣಗಿದ್ದರೆ ಅದನ್ನೂ ಬರೆದಿಡಿ. ಇಷ್ಟು ಸರಳ ಪರೀಕ್ಷೆಯೂ ಸೆಪ್ಟಿಕ್ ಶಾಕ್ ಚಿಕಿತ್ಸೆಗೆ ಲ್ಯಾಕ್ಟೇಟ್‌ನಷ್ಟೇ ದಾರಿ ತೋರಬಲ್ಲದು ಎಂಬುದನ್ನು 2019ರ ಆಂಡ್ರೊಮಿಡಾ-ಶಾಕ್ ಅಧ್ಯಯನ ಮುಂದೆ ತಂದಿತು.

ಎರಡು ಅಪವಾದಗಳಿವೆ. ಶ್ವಾಸಕೋಶದಲ್ಲಿ ನೀರು ತುಂಬಿ ಆಮ್ಲಜನಕ ಬೀಳುತ್ತಿದ್ದರೆ ಬಿಪಿ ಔಷಧ ಹೋಗುತ್ತಿದ್ದರೂ ತೆಗೆಯಲೇಬೇಕು, ಕಾಯುವಂತಿಲ್ಲ. ಇದಕ್ಕೆ ತದ್ವಿರುದ್ಧ ಮಂಡಲದ ಹಾವಿನ ಕಡಿತದ ಕೆಲವು ರೋಗಿಗಳು: ಕಣ್ಣಿನ ಬಿಳಿಭಾಗ ಉಬ್ಬಿ, ಕೆನ್ನೆಯ ಗ್ರಂಥಿ ಬಾತು, ಹಿಮೋಗ್ಲೋಬಿನ್ ಏರುತ್ತಾ ಬಿಪಿ ಬೀಳುತ್ತಾ ಹೋದರೆ ರಕ್ತನಾಳಗಳೇ ಸೋರುತ್ತಿವೆ ಎಂದು ತಿಳಿಯಿರಿ. ಮುಖ ಬಾತಿದೆಯೆಂದು ಅವರಿಂದ ನೀರು ಎಳೆದರೆ ಕೈಮೀರಿ ಹೋಗುತ್ತದೆ.

ಹಂತ 2: ಇಲ್ಲಿಯವರೆಗೆ ಒಳಗೆ ನಿಂತದ್ದೆಷ್ಟು

ಆಸ್ಪತ್ರೆಗೆ ಬಂದಾಗಿನಿಂದ ಒಳಗೆ ಹೋದ ಲೀಟರುಗಳಿಂದ ಹೊರಗೆ ಬಂದ ಲೀಟರುಗಳನ್ನು ಕಳೆಯಿರಿ, ಬಂದ ದಿನದ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ. 60 ಕಿಲೋ ರೋಗಿಗೆ ಮೂರು ದಿನದಲ್ಲಿ 11.2 ಲೀಟರ್ ಹೋಗಿ 4.2 ಲೀಟರ್ ಬಂದಿದ್ದರೆ ಉಳಿದದ್ದು 7 ಲೀಟರ್, ಅಂದರೆ ಶೇ 11.7. ಶೇ 10 ದಾಟಿದವರಲ್ಲಿ ಪರಿಣಾಮ ಕೆಟ್ಟದಾಗಿರುತ್ತದೆ ಎಂದು ಅನೇಕ ಅಧ್ಯಯನಗಳು ಕಂಡಿವೆ. ಈ ಗೆರೆ ದಾಟಿದ ತಕ್ಷಣ ಎಳೆಯಿರಿ ಎಂದು ಇದರ ಅರ್ಥವಲ್ಲ. ಹಂತ 1ಕ್ಕೆ ಮತ್ತೊಮ್ಮೆ ಹೋಗಿ ನೋಡಿ ಎಂದರ್ಥ.

ಲೆಕ್ಕ ತಪ್ಪುವುದು ಸೂತ್ರದಲ್ಲಿ ಅಲ್ಲ, ಚಾರ್ಟಿನಲ್ಲಿ. ನಮ್ಮಲ್ಲಿ ದೊಡ್ಡ ಸೋರಿಕೆ ರೆಫರ್ ಆಗಿ ಬರುವ ರೋಗಿಗಳದ್ದು. ಯಾದಗಿರಿಯಿಂದ ಕಲಬುರಗಿಗೆ ಸುಮಾರು 80 ಕಿ.ಮೀ., ಬೀದರ್‌ನಿಂದ 110ರ ಮೇಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ಬಾಟ್ಲಿ ಹೋಯಿತು, ಆಂಬ್ಯುಲೆನ್ಸ್‌ನಲ್ಲಿ ಎಷ್ಟು ಹೋಯಿತು ಎಂಬುದು ರೆಫರ್ ಚೀಟಿಯಲ್ಲಿ ಇರುವುದು ಅಪರೂಪ. ನಮ್ಮ ಚಾರ್ಟು ಮಾತ್ರ ರೋಗಿ ನಮ್ಮ ಹಾಸಿಗೆಗೆ ಬಂದ ಕ್ಷಣದಿಂದ ಸೊನ್ನೆಯೆಂದು ಶುರುವಾಗುತ್ತದೆ. ಜೊತೆಗೆ ಬಂದವರನ್ನು ಕೇಳಿ: "ಅಲ್ಲಿ ಎಷ್ಟ್ ಸಲಾಯಿನ್ ಹಚ್ಚಿದ್ರಿ? ದಾರ್‍ಯಾಗ ಬಾಟ್ಲಿ ಬದಲಿ ಮಾಡಿದ್ರೇನು? ಉಚ್ಚಿ ಚೀಲದಾಗ ಎಷ್ಟಿತ್ತು?" ಉತ್ತರ ಅಂದಾಜಿನದ್ದಾದರೂ ಸೊನ್ನೆಗಿಂತ ಮೇಲು.

ಮೂತ್ರದ ಚೀಲದ ಮೇಲಿನ ಗೆರೆ ನೋಡಿ ಬರೆಯಬೇಡಿ. ಚೀಲ ಓರೆಯಾಗಿ ನೇತಾಡುತ್ತಿದ್ದರೆ ಆ ಗೆರೆ ನಂಬಲಾಗದು. ಅಳತೆ ಜಾರಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಬರೆಯಿರಿ. ಭೇದಿ ಆಗುತ್ತಿದ್ದರೆ ಒದ್ದೆ ಪ್ಯಾಡ್ ತೂಗಿ ಒಣ ಪ್ಯಾಡಿನ ತೂಕ ಕಳೆಯಿರಿ, ಒಂದು ಗ್ರಾಮಿಗೆ ಒಂದು ಎಂಎಲ್. ಚಾರ್ಟಿನ ದಿನ ಎಷ್ಟು ಗಂಟೆಗೆ ಶುರು ಎಂಬುದನ್ನು ಇಡೀ ಘಟಕ ಒಂದೇ ಇಟ್ಟುಕೊಳ್ಳಲಿ. ಒಬ್ಬರು ಬೆಳಗ್ಗೆ 6ಕ್ಕೆ, ಇನ್ನೊಬ್ಬರು 8ಕ್ಕೆ ಕೂಡಿಸಿದರೆ ಎರಡು ತಾಸಿನ ನೀರು ಯಾರ ಲೆಕ್ಕಕ್ಕೂ ಸೇರದೆ ಹೋಗುತ್ತದೆ.

ಉಸಿರು ಮತ್ತು ಚರ್ಮದಿಂದ ಹೋಗುವ ನೀರು ಯಾವ ಚಾರ್ಟಿನಲ್ಲೂ ಕಾಣುವುದಿಲ್ಲ. ಸಾಮಾನ್ಯವಾಗಿ ದಿನಕ್ಕೆ 500 ರಿಂದ 800 ಎಂಎಲ್. ಜ್ವರ ಏರಿದಂತೆ ಇದೂ ಏರುತ್ತದೆ, ತೇವಗೊಳಿಸಿದ ಗಾಳಿ ಕೊಡುವ ವೆಂಟಿಲೇಟರ್ ಮೇಲೆ ಕಡಿಮೆಯಾಗುತ್ತದೆ. ಎಸಿ ಕೆಟ್ಟ ವಾರ್ಡಿನ ಮೇ ತಿಂಗಳ ಮಧ್ಯಾಹ್ನವನ್ನು ನೆನೆಸಿಕೊಂಡರೆ ಎಷ್ಟು ಏರಬಹುದು ಎಂದು ನಿಮಗೇ ಗೊತ್ತು. ಹಾಗಾಗಿಯೇ ಚಾರ್ಟೊಂದನ್ನೇ ನಂಬದೆ ತೂಕವನ್ನೂ ನೋಡಬೇಕು. ತೂಕದ ಹಾಸಿಗೆ ಇದ್ದರೆ ದಿನಾ ಒಂದೇ ಹೊತ್ತಿಗೆ, ಅದೇ ದಿಂಬು, ಅದೇ ಹೊದಿಕೆ ಇಟ್ಟು ತೂಗಿ. ನಿನ್ನೆ ಇಲ್ಲದ ಕಂಬಳಿ, ಕಾಲ ಬಳಿ ಇಟ್ಟ ಮಾನಿಟರ್ ಇವತ್ತು ಎರಡು ಕಿಲೋ ಏರಿಸಿಬಿಡುತ್ತವೆ.

ಬಾವು ನೋಡುವಾಗ ಕಾಲು ಒತ್ತಿ ಸುಮ್ಮನಾಗಬೇಡಿ. ಮಲಗಿದ ರೋಗಿಯಲ್ಲಿ ನೀರು ಸೊಂಟದ ಹಿಂದೆ, ತೊಡೆಯ ಒಳಬದಿಯಲ್ಲಿ, ಗಂಡಸರಲ್ಲಿ ವೃಷಣದ ಚೀಲದಲ್ಲಿ ಸೇರುತ್ತದೆ. ಮಗ್ಗುಲು ತಿರುಗಿಸುವಾಗ ನೋಡಿಕೊಳ್ಳಿ. ಅಲ್ಟ್ರಾಸೌಂಡ್ ಇದ್ದರೆ ಶ್ವಾಸಕೋಶದ ಬಿ-ಲೈನ್ (ಅಲ್ಲಿ ನೀರು ನಿಂತದ್ದನ್ನು ತೋರುವ ಗೆರೆಗಳು) ನೋಡುವುದು ಬೇಗ ಕಲಿಯಬಹುದಾದ ವಿದ್ಯೆ. ಸಿವಿಪಿ (ಹೃದಯದ ಬಳಿಯ ದೊಡ್ಡ ಅಭಿಧಮನಿಯ ಒತ್ತಡ) ಅಂಕಿಯೊಂದನ್ನೇ ಹಿಡಿದು ಇಷ್ಟು ತೆಗೆಯಿರಿ ಎನ್ನುವ ಕಾಲ ಮುಗಿದಿದೆ.

ಮೊದಲಿಂದ ಡಯಾಲಿಸಿಸ್‌ನಲ್ಲಿದ್ದವರ ಹಳೇ ಒಣ ತೂಕವನ್ನೂ ಅನುಮಾನದಿಂದಲೇ ನೋಡಿ. ಹತ್ತು ದಿನ ಐಸಿಯುನಲ್ಲಿ ಮಲಗಿದವರ ಮಾಂಸಖಂಡ ಕರಗಿರುತ್ತದೆ. ಪುಸ್ತಕದಲ್ಲಿ 58 ಎಂದು ಬರೆದಿದ್ದರೆ ಈಗಿನ ನಿಜವಾದ ಒಣ ತೂಕ ಅದಕ್ಕಿಂತ ಕೆಳಗಿರುತ್ತದೆ. 58ಕ್ಕೆ ತಂದು ನಿಲ್ಲಿಸಿದರೆ ನೀರು ಇನ್ನೂ ಒಳಗೇ ಇದೆ.

ಹಂತ 3: ತೆಗೆಯುವ ಮುಂಚೆ, ಹೋಗುವುದನ್ನು ಕಡಿಮೆ ಮಾಡಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಲಾಭ ಇರುವುದು ಇಲ್ಲಿ, ಅತಿ ಕಡಿಮೆ ಗಮನ ಸಿಗುವುದೂ ಇಲ್ಲೇ. ಮೇಲಿನ 60 ಕಿಲೋ ರೋಗಿಗೆ ನಾಲ್ಕನೆಯ ದಿನ ಏನೇನು ಹೋಗುತ್ತಿದೆ ನೋಡೋಣ. ಮೂಗಿನ ನಳಿಕೆಯಿಂದ ಫೀಡ್ 1200. ಆ್ಯಂಟಿಬಯಾಟಿಕ್ ಮೂರು ಸಲ, ಪ್ರತಿ ಸಲ 100 ಎಂಎಲ್ ಸಲಾಯಿನ್‌ನಲ್ಲಿ, ಒಟ್ಟು 300. ನಾರ್‌ಅಡ್ರೆನಲಿನ್ ತಾಸಿಗೆ 5ರಂತೆ 120. ನಿದ್ದೆಯ ಔಷಧ 100. ಲೈನ್ ಫ್ಲಶ್ 200. ಇನ್ನು "ಲೈನ್ ಬಂದ್ ಆಗಬಾರದು" ಎಂದು ತಾಸಿಗೆ 20ರಂತೆ ಓಡುತ್ತಿರುವ ಸಲಾಯಿನ್ 480. ಒಟ್ಟು 2400. ಯಾರೂ ಇವರಿಗೆ 'ಬಾಟ್ಲಿ ಹಚ್ಚಿ' ಎಂದು ಆರ್ಡರ್ ಬರೆದಿಲ್ಲ, ಆದರೂ ಸುಮಾರು ಎರಡೂವರೆ ಲೀಟರ್ ಹೋಗುತ್ತಿದೆ.

ಈಗ ಒಂದೊಂದಾಗಿ ಕತ್ತರಿ ಹಾಕಿ. ಲೈನಿಗಾಗಿ ಓಡುವ ಸಲಾಯಿನ್ ನಿಲ್ಲಿಸಿ ಲಾಕ್ ಮಾಡಿದರೆ 480 ಉಳಿಯಿತು. ಔಷಧವನ್ನು 100ರ ಬದಲು 50 ಎಂಎಲ್‌ನಲ್ಲಿ ಕೊಡಬಹುದೇ ಎಂದು ವೈದ್ಯರನ್ನು ಅಥವಾ ಫಾರ್ಮಸಿಯವರನ್ನು ಕೇಳಿ, 150 ಉಳಿಯಿತು. ಫ್ಲಶ್ ಅಳೆದು ಕೊಟ್ಟರೆ 100. ಫೀಡ್ ಅನ್ನು ಅಷ್ಟೇ ಕ್ಯಾಲರಿ ಇರುವಂತೆ ಗಟ್ಟಿ ಮಾಡಿ 1000ಕ್ಕೆ ತಂದರೆ 200. ಒಟ್ಟು ಉಳಿತಾಯ 930 ಎಂಎಲ್, ಹೋಗುವುದು 1470ಕ್ಕೆ ಇಳಿಯಿತು. ನಾರ್‌ಅಡ್ರೆನಲಿನ್ ಗಟ್ಟಿಯಾಗಿ ಕಲಸಿ ಅರ್ಧ ವೇಗದಲ್ಲಿ ಬಿಟ್ಟರೆ ಇನ್ನೂ 60 ಉಳಿಯುತ್ತದೆ. ಆದರೆ ಅದಕ್ಕೆ ಸಿರಿಂಜ್ ಮೇಲೆ ದೊಡ್ಡದಾಗಿ ಬರೆದು ಅಂಟಿಸುವ, ಶಿಫ್ಟ್ ಬದಲಾಗುವಾಗ ಬಾಯಲ್ಲಿ ಹೇಳುವ ಶಿಸ್ತು ಬೇಕು. ಆ ಶಿಸ್ತು ಇಲ್ಲದ ಕಡೆ 60 ಎಂಎಲ್ ಆಸೆಗೆ ಆ ಅಪಾಯ ತೆಗೆದುಕೊಳ್ಳಬೇಡಿ.

ಉಪ್ಪನ್ನೂ ಮರೆಯಬಾರದು. ಒಂದು ಲೀಟರ್ ನಾರ್ಮಲ್ ಸಲೈನ್‌ನಲ್ಲಿ 9 ಗ್ರಾಂ ಉಪ್ಪಿದೆ. ನೀರನ್ನು ಮೈಯಲ್ಲಿ ಹಿಡಿದಿಡುವುದು ಅದೇ.

ಹಂತ 4: ಗುರಿ ಮತ್ತು ವೇಗ

ಇವತ್ತು 24 ತಾಸಿಗೆ ಒಂದು ಲೀಟರ್ ಮೈನಸ್ ಆಗಲಿ ಎಂದು ತಂಡ ನಿರ್ಧರಿಸಿತು ಎನ್ನಿ. ಹೋಗುವುದು 1470. ಮೂತ್ರ, ಹೊಟ್ಟೆಯ ನಳಿಕೆ ಸೇರಿ ಬರುವುದು 250. ವ್ಯತ್ಯಾಸ 1220, ಗುರಿಯ 1000 ಸೇರಿಸಿದರೆ 2220. ಸರ್ಕ್ಯೂಟ್ (ರಕ್ತ ಓಡುವ ಕೊಳವೆಗಳು) ಜೋಡಿಸುವಾಗ ಅದರಲ್ಲಿ ತುಂಬಿದ, ಅಂದರೆ ಪ್ರೈಮ್ ಮಾಡಿದ ಸಲಾಯಿನ್ ರೋಗಿಗೇ ಹೋಗುವುದಾದರೆ ಸುಮಾರು 250, ಕೊನೆಯಲ್ಲಿ ರಕ್ತ ವಾಪಸ್ ಮಾಡುವಾಗ ಇನ್ನೊಂದು 250. ಹೀಗೆ ಯಂತ್ರಕ್ಕೆ ಒತ್ತಬೇಕಾದ ಯುಎಫ್ ಗೋಲ್ 2720.

ಹಾವು ಕಡಿತ ಅಥವಾ ರಕ್ತಸ್ರಾವದ ಕಾರಣ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಇಲ್ಲದೆ ನಡೆಸಿದರೆ, ತಾಸಿಗೊಮ್ಮೆ 100 ಎಂಎಲ್ ಸಲಾಯಿನ್ ಫ್ಲಶ್ ಅಂದರೂ 8 ತಾಸಿಗೆ 800. ಇದನ್ನು ಕೂಡಿಸದೆ ಬಿಟ್ಟರೆ ದಿನದ ಗುರಿಯ ಬಹುಪಾಲು ಅಲ್ಲಿಯೇ ಮುಗಿದುಹೋಯಿತು. 'ಎರಡು ಲೀಟರ್ ತೆಗೆದೆವು, ಆದರೂ ಎಕ್ಸ್-ರೇ ಹಾಗೇ ಇದೆ' ಎಂಬ ದೂರಿನ ಹಿಂದೆ ಇಂಥದ್ದೇ ಕಾರಣ ಇರುತ್ತದೆ.

ಇನ್ನು ವೇಗ. 2720 ಎಂಎಲ್ ಅನ್ನು 4 ತಾಸಿನಲ್ಲಿ ತೆಗೆದರೆ ತಾಸಿಗೆ 680, ಕಿಲೋಗೆ 11.3. 8 ತಾಸಿನಲ್ಲಿ 340, ಕಿಲೋಗೆ 5.7. 10 ತಾಸಿನಲ್ಲಿ 272, ಕಿಲೋಗೆ 4.5. ಹೊರರೋಗಿಗಳ ಡಯಾಲಿಸಿಸ್‌ನಲ್ಲಿ ಕಿಲೋಗೆ ತಾಸಿಗೆ 13 ಎಂಎಲ್ ದಾಟಬಾರದು ಎಂಬ ಮಿತಿ ಪ್ರಸಿದ್ಧ. ಐಸಿಯು ರೋಗಿಗೆ ಆ ಮಿತಿ ತಂದು ಹಚ್ಚುವುದು ತಪ್ಪು, ಅದು ನಡೆದು ಬರುವವರ ಲೆಕ್ಕ.

ಕಾರಣ ಇದು: ಯಂತ್ರ ನೀರು ಎಳೆಯುವುದು ರಕ್ತದಿಂದ ಮಾತ್ರ. ಚರ್ಮದಡಿ ನಿಂತ ಏಳು ಲೀಟರ್ ಅದರ ಕೈಗೆ ನೇರವಾಗಿ ಸಿಗುವುದಿಲ್ಲ. ರಕ್ತದಿಂದ ಹೋದಷ್ಟನ್ನು ಅಂಗಾಂಶದಿಂದ ನೀರು ನಿಧಾನವಾಗಿ ಬಂದು ತುಂಬಬೇಕು. ಬಾವಿಯ ಸೆಲೆ ತುಂಬುವುದಕ್ಕಿಂತ ಜೋರಾಗಿ ಸೇದಿದರೆ ಕೊಡ ತಳಕ್ಕೆ ಬಡಿಯುವುದಿಲ್ಲವೇ, ಹಾಗೆ. ಸೆಪ್ಸಿಸ್‌ನಲ್ಲಿ ರಕ್ತನಾಳ ಸೋರುತ್ತದೆ, ಅಲ್ಬುಮಿನ್ ಕೆಳಗಿರುತ್ತದೆ, ಹಾಗಾಗಿ ಈ ತುಂಬುವಿಕೆ ಇನ್ನೂ ನಿಧಾನ. ಮೈ ಊದಿಕೊಂಡಿದ್ದೂ ರಕ್ತನಾಳ ಬರಿದಾಗಿ ಬಿಪಿ ಬೀಳುವುದು ಹೀಗೆ. ಬಾವು ಹೆಚ್ಚಿದೆ ಎಂಬುದು ಜೋರಾಗಿ ಎಳೆಯಲು ಕಾರಣವಾಗುವುದಿಲ್ಲ. ಹೆಚ್ಚು ತಾಸು ಎಳೆಯಲು ಕಾರಣವಾಗುತ್ತದೆ.

ಆದ್ದರಿಂದ ಬಿಪಿ ಅಷ್ಟಕ್ಕಷ್ಟೇ ಇರುವವರಿಗೆ 8 ರಿಂದ 12 ತಾಸಿನ ನಿಧಾನ ಡಯಾಲಿಸಿಸ್ ನಮ್ಮ ಜಿಲ್ಲೆಗಳಿಗೆ ಹೇಳಿ ಮಾಡಿಸಿದ್ದು. ಸ್ಲೆಡ್ ಎಂದು ಕರೆಯುವುದು ಇದನ್ನೇ. ದಿನವಿಡೀ ಓಡುವ ಸಿಆರ್‌ಆರ್‌ಟಿ ಯಂತ್ರ ಎಲ್ಲ ಕಡೆ ಇಲ್ಲ, ಇದ್ದಲ್ಲೂ ಅದರ ಸೆಟ್ಟು, ದ್ರವದ ಚೀಲಗಳ ಖರ್ಚು ಹೆಚ್ಚು. ಸ್ಲೆಡ್‌ಗೆ ಮಾಮೂಲಿ ಡಯಾಲಿಸಿಸ್ ಯಂತ್ರವೇ ಸಾಕು. 2016ರಲ್ಲಿ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಹರಡಿತು. ಅಂಥ ಯಂತ್ರಗಳನ್ನೇ ನಿಧಾನಕ್ಕೆ ಓಡಿಸುವುದು ಇದು.

ನೀರಿನ ಚಿಂತೆ ಬೇಡ. ಡಯಾಲಿಸೇಟ್ (ಫಿಲ್ಟರಿನಲ್ಲಿ ರಕ್ತದ ಆಚೆ ಬದಿಗೆ ಹರಿಯುವ ದ್ರವ) ನಿಮಿಷಕ್ಕೆ 500 ಎಂಎಲ್‌ನಂತೆ 4 ತಾಸು ಓಡಿಸಿದರೆ 120 ಲೀಟರ್, 300ರಂತೆ 8 ತಾಸು ಓಡಿಸಿದರೆ 144 ಲೀಟರ್. ವ್ಯತ್ಯಾಸ ಅಷ್ಟೇ. ನಿಜವಾದ ಕೊರತೆ ರಾತ್ರಿ ಪೂರ್ತಿ ಪಕ್ಕದಲ್ಲಿ ಇರಬಲ್ಲ ಕೈಗಳದ್ದು. ರಾತ್ರಿ ಒಬ್ಬರೇ ಸಿಸ್ಟರ್ ನಾಲ್ಕು ಹಾಸಿಗೆ ನೋಡುವ ಘಟಕವಾದರೆ ಬೆಳಗ್ಗೆ 9ಕ್ಕೆ ಶುರು ಮಾಡಿ ಸಂಜೆ ಮುಗಿಸುವುದು ಜಾಣತನ.

ಹಂತ 5: ಯಂತ್ರದಲ್ಲಿ ಇಡಬೇಕಾದದ್ದು

ಸ್ಲೆಡ್‌ಗೆ ರಕ್ತದ ಹರಿವು ನಿಮಿಷಕ್ಕೆ 150 ರಿಂದ 200, ಡಯಾಲಿಸೇಟ್ 300 ಅಥವಾ ಯಂತ್ರ ಒಪ್ಪಿದರೆ ಇನ್ನೂ ಕಡಿಮೆ. ಡಯಾಲಿಸೇಟ್ ಉಷ್ಣತೆ 35.5 ರಿಂದ 36 ಡಿಗ್ರಿ. ತಂಪಾದಾಗ ರಕ್ತನಾಳಗಳು ಬಿಗಿಯಾಗಿ ಬಿಪಿ ನಿಲ್ಲುತ್ತದೆ. ಖರ್ಚಿಲ್ಲದ ಉಪಾಯ, ಆದರೂ 37ರಲ್ಲೇ ಬಿಟ್ಟಿರುವ ಯಂತ್ರಗಳೇ ಹೆಚ್ಚು. ತಂಪು ಮಾಡಿದರೆ ರೋಗಿಯ ಜ್ವರ ಮುಚ್ಚಿಹೋಗುತ್ತದೆ ಎಂಬುದು ನೆನಪಿರಲಿ. ಡಯಾಲಿಸಿಸ್ ಮೇಲೆ ಇದ್ದಾಗ 'ಜ್ವರ ಇಲ್ಲ' ಎಂದು ಬರೆದದ್ದನ್ನು ನಂಬಿ ಆ್ಯಂಟಿಬಯಾಟಿಕ್ ನಿಲ್ಲಿಸಬೇಡಿ.

ಡಯಾಲಿಸೇಟ್‌ನ ಸೋಡಿಯಂ 140 ರಿಂದ 145ರ ನಡುವೆ ಇದ್ದರೆ ಬಿಪಿಗೆ ಒಳ್ಳೆಯದು. ರೋಗಿಯ ಸೋಡಿಯಂ ಬಹಳ ಕೆಳಗಿದ್ದರೆ ಮಾತ್ರ ಹುಷಾರು, ಒಂದೇ ದಿನದಲ್ಲಿ ಏರಿಸಿದರೆ ಮಿದುಳಿಗೆ ಪೆಟ್ಟು. ನೆಫ್ರಾಲಜಿಸ್ಟ್‌ರನ್ನು ಕೇಳದೆ ಶುರು ಮಾಡಬೇಡಿ. ಯೂರಿಯಾ ಬಹಳ ಏರಿರುವವರ ಮೊದಲ ಸರದಿಯೂ ಮೆಲ್ಲಗಿರಲಿ.

ಸಿಆರ್‌ಆರ್‌ಟಿ ಇರುವ ಕಡೆ ಹೊಸಬರು ಒಂದು ಅಂಕಿಯಲ್ಲಿ ಎಡವುತ್ತಾರೆ. ಡೋಸ್ ಕಿಲೋಗೆ ತಾಸಿಗೆ 20 ರಿಂದ 25 ಎಂಎಲ್, ಅಂದರೆ 60 ಕಿಲೋಗೆ 1200 ರಿಂದ 1500. ಇದು ಯಂತ್ರದಿಂದ ಹೊರಬರುವ ಒಟ್ಟು ದ್ರವ. ರೋಗಿಯಿಂದ ಹೋಗುವ ನೀರು ಬೇರೆಯೇ ಸೆಟ್ಟಿಂಗ್. ನಮ್ಮ ಲೆಕ್ಕದ 2220 ಅನ್ನು 24 ತಾಸಿಗೆ ಹಂಚಿದರೆ ತಾಸಿಗೆ ಸುಮಾರು 92, ಕಿಲೋಗೆ 1.5. ಆಸ್ಟ್ರೇಲಿಯ-ನ್ಯೂಜಿಲೆಂಡ್‌ನ 2009ರ ರೆನಲ್ ಅಧ್ಯಯನದ ಮಾಹಿತಿಯನ್ನು ಆಮೇಲೆ ಮತ್ತೆ ಬಗೆದು ನೋಡಿದಾಗ, ಈ ವೇಗ ಕಿಲೋಗೆ 1.75 ದಾಟಿದವರಲ್ಲಿ ಸಾವು ಹೆಚ್ಚಿತ್ತು. ಇದು ಹಳೇ ಮಾಹಿತಿ ನೋಡಿ ಹೇಳಿದ ಸಂಬಂಧವೇ ಹೊರತು ವೇಗವೇ ಕೊಂದಿತೆಂದು ಸಾಬೀತಾಗಿಲ್ಲ. ಆದರೂ ಕೈ ತಡೆಯಲು ಅಷ್ಟು ಸಾಕು. ಹೆಪ್ಪು ತಡೆಯಲು ಸಿಟ್ರೇಟ್ ಬಳಸುವಾಗ ಬೇರೆ ಸಿರಿಂಜ್ ಪಂಪಿನಿಂದ ಹೋಗುವ ಕ್ಯಾಲ್ಸಿಯಂ ಯಂತ್ರದ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ನೀವೇ ಕೂಡಿಸಬೇಕು. ಫಿಲ್ಟರ್ ಕಟ್ಟಿಕೊಂಡಾಗ, ಚೀಲ ಬದಲಿಸುವಾಗ, ಸಿಟಿ ಸ್ಕ್ಯಾನ್‌ಗೆ ಒಯ್ದಾಗ ಯಂತ್ರ ನಿಂತ ತಾಸುಗಳನ್ನೂ ಬರೆಯಿರಿ. ಆ ಕೊರತೆಯನ್ನು ಉಳಿದ ತಾಸುಗಳಲ್ಲಿ ದುಪ್ಪಟ್ಟು ಎಳೆದು ತುಂಬಲು ಹೋಗಬೇಡಿ.

ಹಂತ 6: ಪಂಪು ಬಿಟ್ಟ ಮೇಲೆ

ಮೊದಲ 30 ನಿಮಿಷ ಯುಎಫ್ ಸೊನ್ನೆಯಲ್ಲೋ ಬಹಳ ಕಡಿಮೆಯಲ್ಲೋ ಇರಲಿ. ಸರ್ಕ್ಯೂಟಿಗೆ ರಕ್ತ ಹೋಗುವಾಗಲೇ ಬಿಪಿ ಒಮ್ಮೆ ಅಲ್ಲಾಡುತ್ತದೆ. ನಿಂತಿತು ಎಂದು ಕಂಡ ಮೇಲೆ ಗುರಿಯ ಅರ್ಧ ವೇಗ, ಆಮೇಲೆ ಪೂರ್ತಿ. ಬಿಪಿ 15 ನಿಮಿಷಕ್ಕೊಮ್ಮೆ, ಆರ್ಟೀರಿಯಲ್ ಲೈನ್ ಇದ್ದರೆ ಸತತ. ಬೆರಳೊತ್ತಿ ನೋಡುವುದು ತಾಸಿಗೊಮ್ಮೆ. ನಾರ್‌ಅಡ್ರೆನಲಿನ್ ವೇಗವನ್ನು ಬಿಪಿಯ ಪಕ್ಕದಲ್ಲೇ ಬರೆಯಿರಿ. ಸರಾಸರಿ ಬಿಪಿ 68 ಎಂದಷ್ಟೇ ಬರೆದರೆ ಅದನ್ನು ಹಿಡಿದಿಡಲು ಔಷಧ 5 ರಿಂದ 12ಕ್ಕೆ ಏರಿದ್ದು ಮುಚ್ಚಿಹೋಗುತ್ತದೆ. ಆ ಏರಿಕೆಯೇ ನೀರು ಜೋರಾಗಿ ಹೋಗುತ್ತಿದೆ ಎಂಬುದರ ಮೊದಲ ಕುರುಹು.

ಸರಾಸರಿ ಬಿಪಿ 65ಕ್ಕಿಂತ ಕೆಳಗೆ ಬಿತ್ತು ಎನ್ನಿ. ಮೊದಲು ಯುಎಫ್ ನಿಲ್ಲಿಸಿ, ರಕ್ತದ ಪಂಪು ಓಡಲಿ. ಲೈನ್ ಬಿಚ್ಚಿದೆಯೇ, ರಕ್ತ ಎಲ್ಲಾದರೂ ಸೋರುತ್ತಿದೆಯೇ ಎಂದು ಹೊದಿಕೆ ತೆಗೆದು ನೋಡಿ. ಕ್ಯಾತಿಟರ್ ಹೊದಿಕೆಯಡಿ ಇರುವ ರೋಗಿಯಲ್ಲಿ ರಕ್ತ ಹಾಸಿಗೆಗೆ ಇಳಿದರೂ ಬೇಗ ತಿಳಿಯುವುದಿಲ್ಲ. ಮಾನಿಟರ್‌ನಲ್ಲಿ ಎದೆಬಡಿತದ ಲಯ ಬದಲಾಗಿದೆಯೇ? ಎದೆಯ ಎರಡೂ ಕಡೆ ಗಾಳಿ ಆಡುತ್ತಿದೆಯೇ? ನಾರ್‌ಅಡ್ರೆನಲಿನ್ ಸಿರಿಂಜ್ ಖಾಲಿಯಾಗಿದೆಯೇ? ಬಿಪಿ ಬಿದ್ದ ಕೂಡಲೇ 'ನೀರು ಜಾಸ್ತಿ ತೆಗೆದರು' ಎಂದು ಡಯಾಲಿಸಿಸ್ ಮೇಲೆ ಹಾಕುವುದು ಸುಲಭ. ಹೊಸ ಸೆಪ್ಸಿಸ್, ಹೃದಯದ ತೊಂದರೆ, ರಕ್ತಸ್ರಾವ ಎಲ್ಲವೂ ಅದೇ ವೇಷದಲ್ಲಿ ಬರುತ್ತವೆ.

ಎರಡೂ ಕಾಲು 45 ಡಿಗ್ರಿ ಎತ್ತಿ, ಬಿಪಿ ಏರುತ್ತದೆಯೇ ಎಂದು ಒಂದು ನಿಮಿಷ ನೋಡಿ. ಹೃದಯ ಹೊರಹಾಕುವ ರಕ್ತದ ಪ್ರಮಾಣ ಅಳೆಯುವ ಅನುಕೂಲ ಇದ್ದರೆ ಇನ್ನೂ ಉತ್ತಮ. ಏರಿದರೆ ರಕ್ತನಾಳ ಬರಿದಾಗಿದೆ, ವೈದ್ಯರು ಹೇಳಿದರೆ 100 ರಿಂದ 250 ಎಂಎಲ್ ಕೊಡಬಹುದು. ಏರದಿದ್ದರೆ ಸಲಾಯಿನ್‌ನಿಂದ ಲಾಭವಿಲ್ಲ, ಔಷಧ ಏರಿಸುವುದೇ ದಾರಿ. ಪ್ರತಿ ಸಲ ಬಿಪಿ ಬಿದ್ದಾಗ ಯೋಚಿಸದೆ ಅರ್ಧ ಲೀಟರ್ ತಳ್ಳಿದರೆ ಬೆಳಗಿಂದ ತೆಗೆದದ್ದು ಎರಡು ಸಲದಲ್ಲಿ ವಾಪಸ್ ಒಳಗೆ ಹೋಯಿತು. ಬಿಪಿ ನಿಂತ ಮೇಲೆ ಹಳೇ ವೇಗದ ಅರ್ಧದಿಂದ ಮತ್ತೆ ಶುರು ಮಾಡಿ. ಎರಡನೆಯ ಸಲವೂ ಬಿದ್ದರೆ ಇವತ್ತಿನ ಗುರಿ ಕೈಬಿಡಿ, ನಾಳೆ ಇದೆ. ಒಮ್ಮೆ ಬಿಪಿ ಬಿದ್ದರೆ ಚೇತರಿಸಿಕೊಳ್ಳುತ್ತಿರುವ ಕಿಡ್ನಿಗೆ ಮತ್ತೊಂದು ಪೆಟ್ಟು ಬೀಳುತ್ತದೆ. ಒಂದು ದಿನ ಅರ್ಧ ಲೀಟರ್ ಕಡಿಮೆ ತೆಗೆದದ್ದಕ್ಕಿಂತ ಅದರ ನಷ್ಟ ದೊಡ್ಡದು.

ಮನೆಯವರಿಗೆ

"ಸಿಸ್ಟರ್, ನಮ್ಮಪ್ಪಗ ಬಾಯಿ ಒಣಗ್ಯಾದ, ಒಂದೀಟ್ ನೀರ್ ಬಿಡ್ತೀನ್ರಿ."

"ಬ್ಯಾಡ್ರಿ ಅಕ್ಕಾ. ಹತ್ತಿ ತೋಯಿಸಿ ತುಟಿ ಒರಸ್ರಿ, ಅಷ್ಟ್ ಸಾಕು."

ಬೇಸರ ಮಾಡಿಕೊಳ್ಳಬೇಡಿ. ನೀವು ಕೊಡುವ ಒಂದು ಲೋಟವೂ ಅಳತೆಯಲ್ಲಿ ಬರಬೇಕು, ಅದಕ್ಕಾಗಿ ಹಾಗೆ ಹೇಳುವುದು. ಎಳನೀರು 'ತಂಪು' ಎಂದು ನಳಿಕೆಯಲ್ಲಿ ಬಿಡುವುದಂತೂ ಬೇಡವೇ ಬೇಡ. ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಕಿಡ್ನಿ ನಿಂತವರ ಎದೆಬಡಿತವನ್ನೇ ನಿಲ್ಲಿಸಬಹುದು.

ನಿಮ್ಮಿಂದ ಬಹಳ ಸಹಾಯ ಆಗುವುದು ಮಾಹಿತಿಯಿಂದ. ಹಳೇ ಡಯಾಲಿಸಿಸ್ ಪುಸ್ತಕ, ಕಾಯಿಲೆಗೆ ಮುಂಚಿನ ತೂಕ, ಮೊದಲ ಆಸ್ಪತ್ರೆಯ ಚೀಟಿಗಳು, ಯಾವ ದಿನದಿಂದ ಉಚ್ಚಿ ಕಡಿಮೆಯಾಯಿತು ಎಂಬುದು. ರೇಷನ್ ಅಂಗಡಿಯ ತಕ್ಕಡಿಯಲ್ಲಿ ಹೋದ ತಿಂಗಳು ತೂಗಿಸಿಕೊಂಡಿದ್ದರು ಎಂದರೂ ಹೇಳಿ. ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: "ನಿನ್ನೆಗಿಂತ ಇವತ್ತು ನೀರು ಹೆಚ್ಚಾಗ್ಯಾದೋ ಕಡಿಮಿ ಆಗ್ಯಾದೋ?" ಮುಖದ ಬಾವು ಒಂದೇ ಸರದಿಗೆ ಇಳಿಯಲಿಲ್ಲ ಎಂದು ಗಾಬರಿ ಬೇಡ. ಬೇಕೆಂದೇ ನಿಧಾನ ಮಾಡುತ್ತಿದ್ದಾರೆ.

ಸರದಿ ಮುಗಿದ ಮೇಲೆ

ಯಂತ್ರ ತೋರಿಸಿದ ಯುಎಫ್ ಅನ್ನು ಹಾಗೇ ಚಾರ್ಟಿಗೆ ಇಳಿಸಿ ಬಿಡುವುದು ವಾಡಿಕೆ. ಅದರಿಂದ ಪ್ರೈಮ್, ಫ್ಲಶ್, ವಾಪಸ್ ಕೊಟ್ಟ ಸಲಾಯಿನ್ ಮತ್ತು ನಡುವೆ ಬಿಪಿಗೆಂದು ಒಮ್ಮೆಲೇ ಕೊಟ್ಟ ಸಲಾಯಿನ್ (ಬೋಲಸ್) ಕಳೆದು ನಿವ್ವಳ ಬರೆಯಿರಿ. 2720 ತೋರಿಸಿ, ಅದರಲ್ಲಿ 500 ಸರ್ಕ್ಯೂಟಿನದ್ದು, 250 ಬೋಲಸ್ ಆದರೆ ರೋಗಿಯಿಂದ ನಿಜಕ್ಕೂ ಹೋದದ್ದು 1970. ತೂಕ ಇದಕ್ಕೆ ಹೊಂದುತ್ತದೆಯೇ ನೋಡಿ. ಡಯಾಲಿಸಿಸ್‌ನಲ್ಲಿ ಕೆಲವು ಆ್ಯಂಟಿಬಯಾಟಿಕ್ ತೊಳೆದುಹೋಗುತ್ತವೆ, ಮುಂದಿನ ಡೋಸ್ ಯಾವಾಗ ಎಂದು ಕೇಳಿಕೊಳ್ಳಿ.

ಮೂತ್ರ ಮರಳಿ ಬರತೊಡಗಿದಾಗ ಮತ್ತೆ ಎಚ್ಚರ. ನಿನ್ನೆ 150, ಇವತ್ತು 600, ನಾಳೆ 1500 ಎಂದು ಏರುತ್ತಿರುವವರಿಗೆ ಹಳೇ ಯುಎಫ್ ಗೋಲ್ ಮುಂದುವರಿಸಿದರೆ ಒಣಗಿಸಿದ ಹಾಗೆ. ಮೂತ್ರ ಏರಿದ ದಿನ ಹಂತ 4ರ ಲೆಕ್ಕವನ್ನು ಮೊದಲಿಂದ ಮಾಡಿ. ಬಹಳ ಸಲ ಉತ್ತರ ಸೊನ್ನೆ ಬರುತ್ತದೆ, ಆ ದಿನ ಯಂತ್ರ ಹಚ್ಚುವ ಅಗತ್ಯವೇ ಇರುವುದಿಲ್ಲ.

ರೋಗಿ ಚೇತರಿಸಿಕೊಂಡು ಬೀದರ್‌ಗೋ ಯಾದಗಿರಿಗೋ ಅಥವಾ ತನ್ನ ತಾಲ್ಲೂಕಿನ ಡಯಾಲಿಸಿಸ್ ಘಟಕಕ್ಕೋ ಮರಳುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ನಾಲ್ಕು ಸಾಲು ಇರಲಿ: ಇವತ್ತಿನ ತೂಕ ಮತ್ತು ಯಾವ ತಕ್ಕಡಿಯಲ್ಲಿ ತೂಗಿದ್ದು, ಕೊನೆಯ ಸರದಿಯಲ್ಲಿ ನಿವ್ವಳ ಎಷ್ಟು ತೆಗೆದದ್ದು, ಯಾವ ವೇಗದಲ್ಲಿ ಬಿಪಿ ಬಿದ್ದಿತ್ತು, ಈಗ 24 ತಾಸಿಗೆ ಮೂತ್ರ ಎಷ್ಟು.